ಪಿನ್ ನಮ್ಮ ಹತ್ತಿರವೇ ಇರಲಿ: ಅಂಗವಿಕಲರು ಮತ್ತು ಮೊಬೈಲ್ ಪೇಮೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಕಣ್ಣು ಕಾಣುವುದಿಲ್ಲ. ಹಾಲಿನವರಿಗೆ, ಆಟೋದವರಿಗೆ, ಔಷಧಿ ಅಂಗಡಿಗೆ ನಾನೇ ಫೋನಿನಿಂದ ದುಡ್ಡು ಕೊಡುತ್ತೇನೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸುವ ಈ ವ್ಯವಸ್ಥೆಗೆ ಯುಪಿಐ ಅಂತ ಹೆಸರು. ಅದನ್ನು ನೋಡಿದವರು, ಕೇಳಿ ತಿಳಿದವರು ಫೋನ್ ಮಾಡಿ ವಿಚಾರಿಸುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕಿವಿ ಕೇಳದವರ, ಕೈ ನಡುಗುವವರ ಪ್ರಶ್ನೆಗಳೂ ಇವೆ. ಅವಕ್ಕೆ ಉತ್ತರವನ್ನು ಹಾಗೆ ಫೋನ್ ಬಳಸುವ ಗೆಳೆಯರಿಂದಲೇ ಕಲಿತದ್ದು.

## ಶುರು ಮಾಡುವವರಿಗೆ

ಅಣ್ಣಾ, ನನಗೆ ಪೂರ್ತಿ ಕಣ್ಣು ಕಾಣಲ್ಲ. ನಿಜವಾಗ್ಲೂ ನಾನೊಬ್ಬನೇ ಫೋನಲ್ಲಿ ದುಡ್ಡು ಕಳಿಸೋಕೆ ಆಗುತ್ತಾ?

ಆಗುತ್ತದೆ. ಅದಕ್ಕೆ ಬೇರೆ ಫೋನು ಬೇಡ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಅಂತ ಪರದೆ ಓದುವ ಸೌಲಭ್ಯ ಮೊದಲೇ ಇರುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ವಾಲ್ಯೂಮಿನ ಎರಡೂ ಬಟನ್‌ಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಆಗುತ್ತದೆ. ಆಗದಿದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಹುಡುಕಿ.

ಅದು ಆನ್ ಆದಮೇಲೆ ಫೋನು ಬಳಸುವ ರೀತಿಯೇ ಬದಲಾಗುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಬಟನ್, ಎಡಕ್ಕೆ ಸರಿಸಿದರೆ ಹಿಂದಿನದು. ಬೇಕಾದ್ದು ಕೇಳಿಸಿದಾಗ ಪರದೆಯ ಮೇಲೆ ಎಲ್ಲಾದರೂ ಎರಡು ಸಲ ತಟ್ಟಿದರೆ ಅದನ್ನು ಒತ್ತಿದಂತೆ. ಮೊದಲ ವಾರ ತಲೆ ಕೆಡುತ್ತದೆ. ಗೂಗಲ್‌ನ ಧ್ವನಿಯಲ್ಲಿ ಕನ್ನಡ ಇದೆ. ಐಫೋನಿಗೂ 2022ರಿಂದ ಕನ್ನಡ ಧ್ವನಿ ಬಂದಿದೆ. ಮನೆಯವರಿಗೆ ಒಂದೊಂದು ರೂಪಾಯಿ ಕಳಿಸಿ ಅಭ್ಯಾಸ ಮಾಡಿ. ನಾನು ಹಾಗೇ ಕಲಿತದ್ದು. ತಮ್ಮನಿಗೆ ನಲವತ್ತು ರೂಪಾಯಿಯಷ್ಟು ಲಾಭ ಆಯಿತು.

ಇಷ್ಟೆಲ್ಲ ಯಾಕೆ? ನೋಟೇ ಸಾಕಲ್ವಾ?

ನೋಟನ್ನು ಬೆರಳಿನಲ್ಲಿ ಅಳೆದು ಗುರುತಿಸುವವರನ್ನು ಕೇಳಿ ನೋಡಿ. 2016ರ ನೋಟು ರದ್ದತಿಗೆ ಮೊದಲು ನೂರರ ನೋಟು 157 ಮಿಲಿಮೀಟರ್ ಉದ್ದ ಇತ್ತು, ಐನೂರರದು 167. ಹತ್ತು ಮಿಲಿಮೀಟರ್ ವ್ಯತ್ಯಾಸ ಕೈಗೆ ಗೊತ್ತಾಗುತ್ತಿತ್ತು. ಈಗ ನೂರು 142, ಇನ್ನೂರು 146, ಐನೂರು 150. ಮೂರಕ್ಕೂ ಅಗಲ ಒಂದೇ, 66. ಬಸ್ಸಿನ ನೂಕುನುಗ್ಗಲಿನಲ್ಲಿ ನಾಲ್ಕು ಮಿಲಿಮೀಟರ್ ಅಳೆಯುವುದು ಹೇಗೆ? ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಮಣಿ ಅನ್ನುವ ಆ್ಯಪ್ ಬಿಟ್ಟಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಅದರ ಬೆಲೆ ಹೇಳುತ್ತದೆ, ಇಂಟರ್ನೆಟ್ ಕೂಡ ಬೇಡ. ಒಳ್ಳೆಯದೇ, ಇಟ್ಟುಕೊಳ್ಳಿ. ಆದರೆ ಚಿಲ್ಲರೆ ವಾಪಸ್ ಬಂದಾಗ ಒಂದೊಂದೇ ನೋಟು ಹಿಡಿದು ನಿಂತರೆ ಹಿಂದಿನವರು ಸುಮ್ನೆ ಇರುತ್ತಾರಾ?

2025ರ ಜುಲೈನಲ್ಲಿ, ಯುಪಿಐ ವಹಿವಾಟು ನೋಡಿ ಕೊಟ್ಟ ಜಿಎಸ್‌ಟಿ ತೆರಿಗೆ ನೋಟಿಸ್‌ಗಳ ಗಲಾಟೆಯಾಗಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದವು. ವ್ಯಾಪಾರಿಗಳ ಕಷ್ಟ ಎಲ್ಲ ಕಡೆ ಚರ್ಚೆಯಾಯಿತು. ಆ ಬೋರ್ಡ್ ಓದಲಾಗದೆ, ಟೀ ಕುಡಿದ ಮೇಲೆ ಜೇಬು ತಡಕಿದವರ ಕಷ್ಟ ಯಾರೂ ಕೇಳಲಿಲ್ಲ ಬಿಡಿ.

ಯಾವ ಆ್ಯಪ್ ಒಳ್ಳೇದು ಸರ್? ಒಂದು ಹೆಸರು ಹೇಳಿ ಸಾಕು.

ಹೇಳುವುದಿಲ್ಲ. ಇವತ್ತು ಚೆನ್ನಾಗಿ ಓದುವ ಆ್ಯಪ್ ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ಹಾಳಾಗಿರುತ್ತದೆ. ನನಗೇ ಆಗಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕೆಳಗಿನ ಐದೂ ಬಟನ್‌ಗಳು ‘ಅನ್‌ಲೇಬಲ್ಡ್, ಅನ್‌ಲೇಬಲ್ಡ್’ ಅನ್ನುತ್ತಿದ್ದವು, ಅಂದರೆ ಹೆಸರೇ ಇಲ್ಲ. ಯಾವುದು ಏನು ಅಂತ ಎಣಿಸಿ ನೆನಪಿಟ್ಟುಕೊಂಡು ಎರಡು ತಿಂಗಳು ಕಳೆದೆ.

ನೀವೇ ಪರೀಕ್ಷೆ ಮಾಡಿ. ಎಲ್ಲ ಬಟನ್‌ಗೂ ಹೆಸರು ಹೇಳುತ್ತದಾ? ಮೊತ್ತ ಹಾಕಿದ ಮೇಲೆ ಅದನ್ನು ಮತ್ತೆ ಓದಿಸಿ ಕೇಳಬಹುದಾ? ತೆರೆದ ಕೂಡಲೇ ಬರುವ ಸಾಲದ ಜಾಹೀರಾತನ್ನು ಮುಚ್ಚುವ ಬಟನ್ ಬೆರಳಿಗೆ ಸಿಗುತ್ತದಾ? ಈ ಮೂರರಲ್ಲಿ ಗೆದ್ದರೆ ಇಟ್ಟುಕೊಳ್ಳಿ. ಜೊತೆಗೆ ಇನ್ನೊಂದು ಆ್ಯಪನ್ನೂ ತಯಾರಾಗಿ ಇಟ್ಟಿರಿ. ಯುಪಿಐ ಪಿನ್ ಇರುವುದು ಬ್ಯಾಂಕ್ ಖಾತೆಗೆ. ಹಾಗಾಗಿ ಅದೇ ಖಾತೆಯನ್ನು ಎರಡು ಆ್ಯಪ್‌ಗೆ ಜೋಡಿಸಿದರೆ ಅದೇ ಪಿನ್ ಎರಡರಲ್ಲೂ ನಡೆಯುತ್ತದೆ.

ಡೆಬಿಟ್ ಕಾರ್ಡ್ ನಂಬರ್ ನನಗೆ ಓದೋಕಾಗಲ್ಲ. ಪಿನ್ ಸೆಟ್ ಮಾಡೋದು ಹೇಗೆ?

ಯುಪಿಐ ಪಿನ್ ಇಡಲು ಕಾರ್ಡಿನಿಂದ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಇಷ್ಟೇ ಬೇಕು. ನಂಬಿಕೆಯವರಿಂದ ಒಮ್ಮೆ ಓದಿಸಿ ಬ್ರೈಲ್‌ನಲ್ಲೋ ನೆನಪಿನಲ್ಲೋ ಇಟ್ಟುಕೊಳ್ಳಿ. ಕಾರ್ಡೇ ಬೇಡ ಅನ್ನುವವರಿಗೆ ಹಲವು ಬ್ಯಾಂಕುಗಳಲ್ಲಿ ಆಧಾರ್ ಒಟಿಪಿ ದಾರಿ ಇದೆ. ಆಧಾರ್‌ಗೂ ಬ್ಯಾಂಕಿಗೂ ಒಂದೇ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಅಂಕಿ ಓದಲು ಬೇರೆಯವರ ಸಹಾಯ ಪಡೆಯಿರಿ, ಪರವಾಗಿಲ್ಲ. ಪಿನ್ ಒತ್ತುವ ಹೊತ್ತಿಗೆ ಫೋನ್ ನಿಮ್ಮ ಕೈಯಲ್ಲಿರಲಿ.

## ದಿನದ ಬಳಕೆ

ಪಿನ್ ಒತ್ತುವಾಗ ಫೋನು ಜೋರಾಗಿ ಅಂಕಿ ಹೇಳಿಬಿಡುತ್ತೆ. ಪಕ್ಕದವರಿಗೆ ಕೇಳಿಸಲ್ವಾ?

ಕೇಳಿಸುತ್ತದೆ. ಬರುವ ಪ್ರಶ್ನೆಗಳಲ್ಲೆಲ್ಲ ಇದೇ ನನಗೆ ದೊಡ್ಡದು.

ಮೊದಲ ಉಪಾಯ ಇಯರ್‌ಫೋನ್. ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಅಂಗಡಿಯವರ ಮಾತಿಗೆ ಇರಲಿ. ಎರಡನೆಯದು ಜಾಸ್ತಿ ಜನರಿಗೆ ಗೊತ್ತಿಲ್ಲ. ಪರದೆ ಓದುವ ಸೌಲಭ್ಯ ಆನ್ ಇದ್ದಾಗ ನೀವು ಮುಟ್ಟಿದ ಅಂಕಿಯ ಸುತ್ತ ಒಂದು ಚೌಕಟ್ಟು ಮೂಡುತ್ತದೆ. ನಮಗೆ ಕಾಣದಿದ್ದರೂ ಹಿಂದೆ ನಿಂತವರಿಗೆ ನಿಮ್ಮ ಪಿನ್ ತೋರಿಸಿ ಕೊಟ್ಟಂತೆ. ಅದಕ್ಕೆ ಪರದೆಯನ್ನೇ ಕಪ್ಪು ಮಾಡಿಬಿಡಿ. ಐಫೋನಿನಲ್ಲಿ ವಾಯ್ಸ್‌ಓವರ್ ಇದ್ದಾಗ ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ ಪರದೆ ಕಪ್ಪಾಗುತ್ತದೆ, ಫೋನು ಕೆಲಸ ಮಾಡುತ್ತಲೇ ಇರುತ್ತದೆ. ಟಾಕ್‌ಬ್ಯಾಕ್ ಮೆನುವಿನಲ್ಲೂ ‘ಹೈಡ್ ಸ್ಕ್ರೀನ್’ ಅಂತ ಸಿಗುತ್ತದೆ. ನಾನು ಮನೆಯಿಂದ ಹೊರಟಾಗಲೇ ಇದನ್ನು ಹಾಕಿಕೊಳ್ಳುತ್ತೇನೆ. ಬ್ಯಾಟರಿ ಸತ್ತಿದೆ ಅಂತ ಆಟೋದವರು ಕನಿಕರ ಪಡುವುದುಂಟು.

ಇನ್ನೊಂದು ವಿಷಯ. ಪಿನ್ ಒತ್ತುವ ಆ ಒಂದು ಪುಟವನ್ನು ನಿಮ್ಮ ಆ್ಯಪ್ ಮಾಡಿರುವುದಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ತುಣುಕು ಅದು, ಎಲ್ಲ ಆ್ಯಪ್‌ಗಳೊಳಗೂ ಅದನ್ನೇ ಕೂರಿಸಿರುತ್ತಾರೆ. ಅಲ್ಲಿ ತೊಂದರೆ ಇದ್ದರೆ ಆ್ಯಪ್ ಬದಲಿಸಿ ಪ್ರಯೋಜನ ಇಲ್ಲ, ದೂರು ಅಲ್ಲಿಗೇ ಹೋಗಬೇಕು.

2025ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖದ ಗುರುತು ಬಳಸುವ ವ್ಯವಸ್ಥೆ ತಂದಿತು. ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇತ್ತೀಚೆಗೆ ಬಂದಿಲ್ಲ. ನಿಮ್ಮ ಬ್ಯಾಂಕ್ ಮತ್ತು ಆ್ಯಪ್ ಎರಡೂ ಅದನ್ನು ಒಪ್ಪಿರಬೇಕು. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿ.

ಕ್ಯೂಆರ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಸ್ಕ್ಯಾನ್ ಹೇಗೆ ಮಾಡೋದು?

ಅಂಗಡಿಯವರನ್ನು ಕೇಳಿ, ಕ್ಯೂಆರ್ ಹಲಗೆಯನ್ನು ಕೈಗೆ ತೆಗೆದುಕೊಳ್ಳಿ. ಫೋನಿನ ಕ್ಯಾಮೆರಾವನ್ನು ಹಲಗೆಯ ನಡುವಿಗೆ ತಾಗಿಸಿ, ಅಲ್ಲಿಂದ ನಿಧಾನವಾಗಿ ಒಂದು ಗೇಣು ಹಿಂದಕ್ಕೆ ತನ್ನಿ. ಹೆಚ್ಚಿನ ಸಲ ಅಷ್ಟರಲ್ಲಿ ಸಿಕ್ಕಿರುತ್ತದೆ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ದೀಪ ಹೊಳೆದು ಸಿಗುವುದಿಲ್ಲ, ಸ್ವಲ್ಪ ಓರೆ ಮಾಡಿ. ಗೋಡೆಗೆ ಅಂಟಿಸಿದ್ದರೆ ಅಥವಾ ಬಿಎಂಟಿಸಿ ಬಸ್ಸು ಓಲಾಡುತ್ತಿದ್ದರೆ ಈ ಸಾಹಸ ಬೇಡ. ಅಂಗಡಿಯಲ್ಲಾದರೆ ಮೊಬೈಲ್ ನಂಬರ್ ಕೇಳಿ ಕಳಿಸಿ. ದಿನಾ ಹೋಗುವ ಅಂಗಡಿಯಾದರೆ ಹಳೆಯ ಪಟ್ಟಿಯಲ್ಲೇ ಹೆಸರು ಇರುತ್ತದೆ. ಯಾವ ದಾರಿಯಾದರೂ ಪಿನ್‌ಗೆ ಮೊದಲು ಪರದೆಯ ಮೇಲೆ ಬರುವ ಹೆಸರನ್ನೂ ಮೊತ್ತವನ್ನೂ ಓದಿಸಿ ಕೇಳಿ. ಐವತ್ತು ಐನೂರಾಗುವುದು ಒಂದೇ ಸೊನ್ನೆಯಿಂದ.

ದುಡ್ಡು ಹೋಯ್ತೋ ಇಲ್ವೋ ಹೇಗೆ ಗೊತ್ತಾಗೋದು? ಫೋನು ಟಿಂಗ್ ಅಂತು, ಅಷ್ಟೇ.

ಕೆಲವು ಆ್ಯಪ್‌ಗಳಲ್ಲಿ ಹಸಿರು ಟಿಕ್ ಕುಣಿಯುತ್ತದೆ, ಅದನ್ನು ಓದಿ ಹೇಳುವುದಿಲ್ಲ. ಹಿಸ್ಟರಿ ತೆರೆದು ಮೊದಲ ಸಾಲು ಕೇಳಿ. ಅಂಗಡಿಯ ಸೌಂಡ್‌ಬಾಕ್ಸ್ ಕೂಗಿದರೆ ಅದೇ ಸಾಕ್ಷಿ. ‘ಪೆಂಡಿಂಗ್’ ಅಂದರೆ ಅವಸರ ಮಾಡಿ ಎರಡನೇ ಸಲ ಕಳಿಸಬೇಡಿ.

ನಮ್ಮ ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ಇದೆ. ಆದರೆ ನನಗೇ ಕಿವಿ ಕೇಳಲ್ಲ. ಏನು ಮಾಡಲಿ?

ಸೌಂಡ್‌ಬಾಕ್ಸ್ ಕಣ್ಣು ಕಾಣದ ವ್ಯಾಪಾರಿಗೆ ವರ. ಗಿರಾಕಿ ತೋರಿಸುವ ಸುಳ್ಳು ಸ್ಕ್ರೀನ್‌ಶಾಟ್‌ನ ಹಂಗೇ ಇಲ್ಲ. ಕಿವಿ ಕೇಳದವರಿಗೆ ಮಾತ್ರ ಅದು ಬರೀ ಡಬ್ಬ. ಮೊತ್ತ ತೋರಿಸುವ ಸಣ್ಣ ಪರದೆ ಇರುವ ಮಾದರಿಗಳೂ ಸಿಗುತ್ತವೆ, ಅದನ್ನೇ ಕೊಡಿ ಅಂತ ಹಠ ಹಿಡಿಯಿರಿ. ಇಲ್ಲದಿದ್ದರೆ ವ್ಯಾಪಾರಿ ಆ್ಯಪಿನ ನೋಟಿಫಿಕೇಶನ್ ಆನ್ ಮಾಡಿ, ಫೋನಿನ ಆಕ್ಸೆಸಿಬಿಲಿಟಿಯಲ್ಲಿ ಸಂದೇಶ ಬಂದಾಗ ಕ್ಯಾಮೆರಾ ದೀಪ ಮಿನುಗುವ ಆಯ್ಕೆ ಹಾಕಿಕೊಳ್ಳಿ. ಗಲ್ಲಾಪೆಟ್ಟಿಗೆಯ ಮೇಲೆ ಫೋನ್ ಮಗುಚಿ ಇಟ್ಟರೆ ದುಡ್ಡು ಬಂದಾಗ ಮಿಂಚುತ್ತದೆ. ನನ್ನ ಗೆಳೆಯರೊಬ್ಬರು ತರಕಾರಿ ಅಂಗಡಿಯಲ್ಲಿ ಹೀಗೇ ನಡೆಸುತ್ತಾರೆ.

ಕಿವಿ ಕೇಳದವರ ದೊಡ್ಡ ತಲೆನೋವು ಕಸ್ಟಮರ್ ಕೇರ್. ಪಾವತಿ ಎಲ್ಲ ಕಣ್ಣಿಗೆ ಕಾಣುತ್ತದೆ, ತೊಂದರೆಯಾದ ದಿನ ಮಾತ್ರ ‘ಕರೆ ಮಾಡಿ’ ಅನ್ನುತ್ತಾರೆ. ಹಾಗಾಗಿ ಚಾಟ್‌ನಲ್ಲೋ ಇಮೇಲ್‌ನಲ್ಲೋ ದೂರು ತೆಗೆದುಕೊಳ್ಳುವ ಆ್ಯಪನ್ನೇ ಆರಿಸಿ.

ಅಮ್ಮನಿಗೆ ಕೈ ನಡುಗುತ್ತೆ. ಒಂದು ಒತ್ತಿದರೆ ಇನ್ನೊಂದು ಬೀಳುತ್ತೆ. ಏನಾದ್ರೂ ದಾರಿ ಇದೆಯಾ?

ಸಣ್ಣ ಖರ್ಚಿಗೆ ಯುಪಿಐ ಲೈಟ್ ಹಾಕಿಕೊಡಿ. ಮೊದಲೇ 5,000 ರೂಪಾಯಿವರೆಗೆ ತುಂಬಿಸಿಡಬಹುದು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ. ಹಾಲು, ಹೂವು, ತರಕಾರಿಗೆ ಸಾಕು. ಪಿನ್ ಇಲ್ಲ ಅಂದಮೇಲೆ ಫೋನಿಗೆ ಲಾಕ್ ಇರಲೇಬೇಕು.

ಫೋನಿನಲ್ಲೂ ಬದಲಾವಣೆ ಮಾಡಬಹುದು. ಐಫೋನಿನ ‘ಟಚ್ ಅಕಾಮೊಡೇಶನ್ಸ್’ನಲ್ಲಿ ಇಷ್ಟು ಹೊತ್ತು ಬೆರಳಿಟ್ಟರೆ ಮಾತ್ರ ಒತ್ತಿದಂತೆ ಅಂತ ಹೇಳಬಹುದು, ಒಂದೇ ಕಡೆ ಮತ್ತೆ ಮತ್ತೆ ಬಡಿದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತಲೂ ಹೇಳಬಹುದು. ಆಂಡ್ರಾಯ್ಡ್‌ನಲ್ಲೂ ಇಂಥದ್ದೇ ಆಯ್ಕೆಗಳಿವೆ. ಕೈಯೇ ಆಡದವರಿಗೆ ಬಾಯಿಮಾತಿನಿಂದ ಬಟನ್ ಒತ್ತಿಸುವ ವಾಯ್ಸ್ ಆಕ್ಸೆಸ್ ಇದೆ, ಆದರೆ ಪಿನ್ನನ್ನು ಬಾಯಲ್ಲಿ ಹೇಳಬೇಡಿ. ಅಲ್ಲಿಗೆ ಬೆರಳಚ್ಚು ಅಥವಾ ಮುಖದ ಗುರುತೇ ಸರಿ.

ಸ್ವಲ್ಪ ಕಾಣುತ್ತೆ, ಅಕ್ಷರ ದೊಡ್ಡದು ಮಾಡಿದ್ರೆ ಬಟನ್ನೇ ಮಾಯ ಆಗುತ್ತೆ!

ಅಕ್ಷರ ದೊಡ್ಡದಾಗುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಆ್ಯಪ್ ಮಾಡಿದ್ದಾರೆ, ಅದಕ್ಕೇ ಬಟನ್ ಪರದೆಯ ಹೊರಗೆ ಜಾರುತ್ತದೆ. ಅಕ್ಷರವನ್ನು ಮಧ್ಯಮಕ್ಕೆ ಇಳಿಸಿ, ಅದರ ಬದಲು ಮ್ಯಾಗ್ನಿಫಿಕೇಶನ್ ಬಳಸಿ. ಬೇಕಾದಾಗ ಬೇಕಾದ ಜಾಗ ಮಾತ್ರ ದೊಡ್ಡದಾಗುತ್ತದೆ. ಕೆಂಪು, ಹಸಿರು ಬೇರೆ ಮಾಡಲಾಗದವರು ಬಣ್ಣ ನಂಬಬೇಡಿ, ‘ಸಕ್ಸಸ್’, ‘ಫೇಲ್ಡ್’ ಅನ್ನುವ ಮಾತು ಓದಿ.

ನನ್ನ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ಬಟನ್ ಫೋನಲ್ಲಿ ಆಗುತ್ತಾ?

ಆಗುತ್ತದೆ. ಕಣ್ಣು ಕಾಣದವರಿಗೆ ಎಷ್ಟೋ ಸಲ ಅದೇ ಸುಲಭ. 5ರ ಮೇಲಿನ ಚುಕ್ಕಿ ತಡವಿಕೊಂಡರೆ ಉಳಿದ ಅಂಕಿಗಳು ಬೆರಳಿಗೆ ಸಿಗುತ್ತವೆ. 2022ರ ಮಾರ್ಚ್ 8ರಂದು ಯುಪಿಐ 123ಪೇ ಬಂತು. ಅದರಲ್ಲಿ ಒಂದು ನಂಬರಿಗೆ ಕರೆ ಮಾಡಿದರೆ ಧ್ವನಿಯೇ ಕೇಳುತ್ತದೆ, ನೀವು ಅಂಕಿ ಒತ್ತುತ್ತಾ ಹೋಗುವುದು. ಪರದೆಯ ಗೊಡವೆಯೇ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ಕಳಿಸಬಹುದು. ಕರೆ ಮಾಡುವ ನಂಬರನ್ನು ಬ್ಯಾಂಕಿನಲ್ಲೇ ಕೇಳಿ ಪಡೆಯಿರಿ, ಯಾರೋ ಕಳಿಸಿದ ಮೆಸೇಜಿನಿಂದ ಬೇಡ. *99# ಒತ್ತಿ ಕರೆ ಮಾಡುವುದು ಇನ್ನೊಂದು ದಾರಿ, ಅದರ ಮಿತಿ 5,000. ಅದು ಅಕ್ಷರದ ಮೆನು ತೋರಿಸುತ್ತದೆ, ತಡ ಮಾಡಿದರೆ ಕಟ್ ಆಗುತ್ತದೆ. ಕಿವಿ ಕೇಳದವರಿಗೆ ಇದು ಒಗ್ಗುತ್ತದೆ.

## ಸ್ವಲ್ಪ ಒಳಗಿನ ವಿಷಯ

ಕೆವೈಸಿ ಮಾಡುವಾಗ ‘ಕಣ್ಣು ಮಿಟುಕಿಸಿ’ ಅನ್ನುತ್ತೆ. ನನ್ನಿಂದ ಆಗಲ್ಲ. ಖಾತೆ ಸಿಗೋದೇ ಇಲ್ವಾ?

ಸಿಗಲೇಬೇಕು. ಕೆವೈಸಿ ಅಂದರೆ ಬ್ಯಾಂಕು ನಮ್ಮ ಗುರುತು ಪರಿಶೀಲಿಸುವುದು. ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರಿಗೆ ರೆಪ್ಪೆ ಮಿಟುಕಿಸಲು ಆಗುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರಿಗೆ ಮುಖವನ್ನು ಚೌಕಟ್ಟಿನೊಳಗೆ ಸರಿಯಾಗಿ ಹಿಡಿಯಲು ಆಗುವುದಿಲ್ಲ. ಬದುಕಿರುವ ಮನುಷ್ಯ ಅಂತ ಯಂತ್ರ ಒಪ್ಪುವುದೇ ಇಲ್ಲ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಕೋರ್ಟ್ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂದಿತು. ಜೊತೆಗೆ 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು, ಸಹಿ ಬದಲು ಹೆಬ್ಬೆಟ್ಟಿನ ಗುರುತನ್ನು ಒಪ್ಪಬೇಕು, ಕಾಗದದ ಕೆವೈಸಿಯನ್ನು ಮುಚ್ಚಬಾರದು ಅನ್ನುವುದು ಅವುಗಳಲ್ಲಿ ಕೆಲವು. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಕೆವೈಸಿ ನಿಯಮ ತಿದ್ದಿ, ಇಂಥ ಪರೀಕ್ಷೆಯ ಹೆಸರಿನಲ್ಲಿ ವಿಶೇಷ ಅಗತ್ಯ ಇರುವವರನ್ನು ಹೊರಗಿಡಬಾರದು ಅಂತ ಸೇರಿಸಿತು.

ತೀರ್ಪು ಕೌಂಟರಿನವರಿಗೆ ತಲುಪಿರುತ್ತದೆ ಅಂತ ತಿಳಿಯಬೇಡಿ. ‘ಆಗಲ್ಲ’ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಈ ಒಂದು ಮಾತಿಗೆ ಒಳಗಿನಿಂದ ಮ್ಯಾನೇಜರ್ ಎದ್ದು ಬಂದದ್ದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆ ಅಂದರೆ, ಕೇಳಿದ್ದೇನೆ.

ಟಾಕ್‌ಬ್ಯಾಕ್ ಆನ್ ಇದ್ರೆ ಬ್ಯಾಂಕ್ ಆ್ಯಪ್ ತೆರೆಯೋದೇ ಇಲ್ಲ. ನಾವೇನು ಕಳ್ಳರಾ?

ಇದರ ಹಿಂದೆ ಒಂದು ಕಾರಣ ಇದೆ. ಪರದೆ ಓದುವ ಸೌಲಭ್ಯಕ್ಕೆ ಆಂಡ್ರಾಯ್ಡ್ ದೊಡ್ಡ ಅಧಿಕಾರ ಕೊಡುತ್ತದೆ. ಪರದೆಯಲ್ಲಿ ಇರುವುದನ್ನೆಲ್ಲ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ವಂಚಕರ ಆ್ಯಪ್‌ಗಳು ಇದೇ ಅನುಮತಿಯನ್ನು ಉಪಾಯವಾಗಿ ಪಡೆದು ಒಟಿಪಿ ಕದಿಯುತ್ತವೆ. ಅದಕ್ಕೆ ಹೆದರಿ ಕೆಲವು ಆ್ಯಪ್‌ಗಳು ಯಾವ ಆಕ್ಸೆಸಿಬಿಲಿಟಿ ಸೇವೆ ಕಂಡರೂ ಬಾಗಿಲು ಹಾಕುತ್ತವೆ. ಟಾಕ್‌ಬ್ಯಾಕ್‌ನಂಥ ಗೊತ್ತಿರುವ ಸೇವೆಗಳನ್ನು ಬಿಟ್ಟು ಉಳಿದದ್ದನ್ನು ತಡೆಯಬಹುದು, ಅದೇನು ಕಷ್ಟದ ಕೆಲಸವಲ್ಲ. ಇದು ಬರೀ ಸೋಮಾರಿತನ ಅಂತ ನನ್ನ ಅಭಿಪ್ರಾಯ.

ನಿಮ್ಮ ಕಡೆಯಿಂದ ಒಂದು ಕೆಲಸ: ಆಕ್ಸೆಸಿಬಿಲಿಟಿ ಪಟ್ಟಿಯಲ್ಲಿ ಟಾಕ್‌ಬ್ಯಾಕ್ ಬಿಟ್ಟು ಬೇರೆ ಏನಾದರೂ ಆನ್ ಇದೆಯಾ ನೋಡಿ. ಗೊತ್ತಿಲ್ಲದ್ದು ಇದ್ದರೆ ಆಫ್ ಮಾಡಿ. ಆಗಲೂ ತೆರೆಯದಿದ್ದರೆ ಆ ಆ್ಯಪಿಗೆ ದೂರು ಕೊಟ್ಟು, ಅದೇ ಖಾತೆಯನ್ನು ಬೇರೆ ಯುಪಿಐ ಆ್ಯಪ್‌ನಲ್ಲಿ ಜೋಡಿಸಿಕೊಳ್ಳಿ.

ನನ್ನ ಪಿನ್ ಅಣ್ಣನಿಗೆ ಗೊತ್ತು, ಅವನೇ ಎಲ್ಲ ಮಾಡ್ತಾನೆ. ಅದರಲ್ಲಿ ತಪ್ಪೇನು?

ಅಣ್ಣನ ಮೇಲೆ ನನಗೆ ಸಂಶಯ ಇಲ್ಲ. ನಿಯಮ ಏನು ಹೇಳುತ್ತದೆ ಕೇಳಿ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ದುಡ್ಡು ಹೋದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದಾಗ ನಷ್ಟ ನಿಮ್ಮದಲ್ಲ. ಆದರೆ ಪಿನ್ ಬೇರೆಯವರಿಗೆ ಕೊಟ್ಟಿದ್ದರೆ ಅದು ನಿಮ್ಮ ಅಜಾಗರೂಕತೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದೇ. ಆ್ಯಪ್ ನಮಗೆ ಓದುವುದಿಲ್ಲ, ಹಾಗಾಗಿ ಪಿನ್ ಕೊಡುತ್ತೇವೆ. ದುಡ್ಡು ಹೋದರೆ ಯಾಕೆ ಕೊಟ್ಟೆ ಅಂತ ನಮ್ಮನ್ನೇ ಕೇಳುತ್ತಾರೆ. ಬಟನ್‌ಗೆ ಹೆಸರಿಡದಿದ್ದವರನ್ನು ಯಾರೂ ಕೇಳುವುದಿಲ್ಲ.

ಮಗನಿಗೆ ಬುದ್ಧಿಮಾಂದ್ಯ ಇದೆ. ಅಂಗಡಿಗೆ ತಾನೇ ಹೋಗ್ತಾನೆ. ಖಾತೆ ಪೂರ್ತಿ ಅವನ ಕೈಗೆ ಕೊಡದೆ ಹೇಗೆ?

ಯುಪಿಐ ಸರ್ಕಲ್ ನೋಡಿ. 2024ರ ಆಗಸ್ಟ್‌ನಲ್ಲಿ ಬಂದದ್ದು. ನಿಮ್ಮ ಖಾತೆಯಿಂದ ಅವನು ತನ್ನ ಫೋನಿನಲ್ಲಿ ಖರ್ಚು ಮಾಡುತ್ತಾನೆ, ನಿಮ್ಮ ಪಿನ್ ಅವನಿಗೆ ಗೊತ್ತಾಗುವುದಿಲ್ಲ. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ನೀವು ಇನ್ನೂ ಕಡಿಮೆ ಇಡಬಹುದು. ಅರ್ಧ ಅನುಮತಿ ಅಂದರೆ ಪ್ರತಿ ಸಲವೂ ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ, ನೀವು ಪಿನ್ ಹಾಕಿದರೆ ಮಾತ್ರ ದುಡ್ಡು ಹೋಗುತ್ತದೆ. ಮೊದಲ ತಿಂಗಳು ಅರ್ಧ ಅನುಮತಿಯಲ್ಲಿ ನಡೆಸಿ ನೋಡಿ.

ಸಹಾಯ ಮಾಡ್ತೀವಿ ಅಂತ ಕರೆ ಬಂತು, ಒಂದು ಆ್ಯಪ್ ಹಾಕ್ಕೊಳ್ಳಿ ಅಂದ್ರು. ಹಾಕ್ಕೊಳ್ಲಾ?

ಬೇಡ. ಅದು ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ದುಡ್ಡು ಬರಬೇಕಾದರೆ ಪಿನ್ ಯಾವತ್ತೂ ಬೇಡ. ದುಡ್ಡು ಈಗಾಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ.

ಆ್ಯಪ್ ಕೆಲಸ ಮಾಡದಿದ್ರೆ ಯಾರಿಗೆ ದೂರು ಕೊಡೋದು?

ಮೊದಲು ಆ ಆ್ಯಪ್ ಅಥವಾ ಬ್ಯಾಂಕಿಗೆ, ಬರಹದಲ್ಲಿ. ಫೋನ್ ಮಾದರಿ, ಆ್ಯಪಿನ ವರ್ಷನ್, ಯಾವ ಪುಟ, ಯಾವ ಬಟನ್ ಅಂತ ಹೇಳಿ. ‘ನಿಮ್ಮ ಆ್ಯಪ್ ಸರಿ ಇಲ್ಲ’ ಅಂದರೆ ಯಾರೂ ತಿದ್ದುವುದಿಲ್ಲ. ಟಾಕ್‌ಬ್ಯಾಕ್ ಮಾತಾಡುತ್ತಿರುವಾಗ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು, ಪಿನ್ ಪುಟ ಮಾತ್ರ ಬೇಡ. ಮೂವತ್ತು ದಿನದೊಳಗೆ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಡಿಯಲ್ಲಿ ರಾಜ್ಯದ ಅಂಗವಿಕಲರ ಆಯುಕ್ತರಿಗೂ ದೂರು ಕೊಡಬಹುದು.

ನಾನು ಆ್ಯಪ್ ಮಾಡುವ ಹುಡುಗ. ಒಂದೇ ದಿನದಲ್ಲಿ ಏನು ಸರಿಪಡಿಸಬಹುದು?

ಇಂಥ ಪತ್ರ ವರ್ಷಕ್ಕೆ ಒಂದು ಬರುತ್ತದೆ, ಖುಷಿಯಾಗುತ್ತದೆ. ಪ್ರತಿ ಬಟನ್‌ಗೂ ಹೆಸರು ಕೊಡಿ. ಮೊತ್ತದ ಜಾಗ ತಾನೇ ಓದಿ ಹೇಳಲಿ. ಹಸಿರು ಟಿಕ್ ಬಂದಾಗ ‘ಐವತ್ತು ರೂಪಾಯಿ ಹೋಯಿತು’ ಅಂತ ಟಾಕ್‌ಬ್ಯಾಕ್‌ಗೂ ಒಂದು ಮಾತು ತಿಳಿಸಿ. ಜಾಹೀರಾತು ಮುಚ್ಚುವ ಗುರುತು ಹುಡುಕಲು ಸಿಗಲಿ. ಇದಿಷ್ಟು ಒಂದು ದಿನದ್ದು. ಆಮೇಲೆ ಅಂಗವಿಕಲರಿಗೂ ಬಳಸಲು ಬರುವಂತೆ ಆ್ಯಪ್ ಹೇಗಿರಬೇಕು ಅಂತ ಹೇಳುವ ಐಎಸ್ 17802 ಅನ್ನುವ ನಮ್ಮ ದೇಶದ್ದೇ ಮಾನದಂಡ ಇದೆ, ಅದನ್ನು ಓದಿ.

ಬಿಡುಗಡೆಗೆ ಮೊದಲು ನಮ್ಮಲ್ಲೊಬ್ಬರ ಕೈಗೆ ಫೋನ್ ಕೊಡಿ. ಬೆಂಗಳೂರಿನ ಮಿತ್ರ ಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳಲ್ಲಿ ವಿಚಾರಿಸಿದರೆ ಜನ ಸಿಗುತ್ತಾರೆ. ಅವರ ಸಮಯಕ್ಕೆ ಸಂಬಳ ಕೊಡಿ. ಯುಪಿಐನಲ್ಲೇ ಕಳಿಸಿ, ಬಂತಾ ಇಲ್ವಾ ಅಂತ ಅವರೇ ಓದಿಸಿಕೊಂಡು ಹೇಳುತ್ತಾರೆ.